ಕಲ್ಲಿನ ಚುರುಮುರಿ

ಮನೆ ಕಟ್ಟಿಸುವವರು ಸಾಮಾನ್ಯವಾಗಿ ತಲೆಯ ಮೇಲಿನದನ್ನು ಚಿಂತಿಸುತ್ತಾರೆ. ಹೆಂಚು ಹಾಕಿಸಬೇಕೋ ತಾರಸಿಯೋ, ಮಳೆಗೆ ಸೋರುತ್ತದೋ, ಮಂಗಗಳು ಕುಣಿದರೆ ತಾಳುತ್ತದೋ ಎಂದು. ದಾಂಡೇಲಿಯ ಅಂಬೇವಾಡಿಯಲ್ಲಿ ಎರಡು ಕೋಣೆ ಒಂದು ಪಡಸಾಲೆಯ ಮನೆ ಕಟ್ಟಿಸಲು ಹೊರಟ ನಾಗಲಿಂಗಪ್ಪ ಮಾತ್ರ ಮೇಲಿನದನ್ನು ದೇವರಿಗೆ ಬಿಟ್ಟು ಕಾಲ ಕೆಳಗಿನದನ್ನು ಹಿಡಿದುಕೊಂಡ. ಎಷ್ಟು ಬಿಗಿಯಾಗಿ ಹಿಡಿದುಕೊಂಡ ಎಂದರೆ, ಹೆಂಡತಿ ಮಾಲವ್ವ ಊಟಕ್ಕೆ ಬಡಿಸಿದರೂ ಅದೇ ಮಾತು.

"ಶಾಖಾ ಅನ್ನೂದು ಕಳ್ಳ ಇದ್ದಂಗ, ಮಾಲಾ. ಬಾಗಲಾ ಹಾಕಿದಿ, ಕಿಡಕಿ ಹಾಕಿದಿ. ಅದು ಎಲ್ಲಿಂದ ಓಡಿ ಹೋಗತೈತಿ ಹೇಳು?"

"ರೊಟ್ಟಿ ಆರತಾವು, ಉಣ್ರಿ."

"ಅದನ್ನ ಕೇಳಾಕತ್ತೇನಿ. ರೊಟ್ಟಿ ಯಾಕ ಆರತಾವು?"

ಈ ಜ್ಞಾನಕ್ಕೆ ಮೂಲವಿಲ್ಲದೆ ಇರಲಿಲ್ಲ. ಊರಿನ ಒಂದು ಕಾರ್ಖಾನೆಯ ಬಾಯ್ಲರಿನ ಮುಂದೆ ನಾಗಲಿಂಗಪ್ಪ ಹದಿನೆಂಟು ವರ್ಷ ನಿಂತಿದ್ದ. ಸಾಹೇಬರು ತಿರುಗಿಸು ಎಂದಾಗ ಚಕ್ರ ತಿರುಗಿಸುವುದು, ಸಾಕು ಎಂದಾಗ ನಿಲ್ಲಿಸುವುದು ಅವನ ಕೆಲಸ. ಆದರೆ ಹದಿನೆಂಟು ವರ್ಷ ಒಂದೇ ದೇವರ ಮುಂದೆ ನಿಂತ ಪೂಜಾರಿ ಒಂದು ದಿನ ಆ ದೇವರ ಪರವಾಗಿ ಮಾತಾಡತೊಡಗುತ್ತಾನೆ. ಶಾಖದ ವಿಷಯ ಬಂದರೆ ನಾಗಲಿಂಗಪ್ಪ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ.

ಮಾಲವ್ವನಿಗೂ ಈ ವಿಷಯದಲ್ಲಿ ಒಂದು ಸ್ವಾರ್ಥವಿತ್ತು. ಮದುವೆಯಾಗಿ ಬಂದಾಗಿನಿಂದ ಅವರು ಬಾಡಿಗೆಗಿದ್ದದ್ದು ಹಳ್ಳದ ದಂಡೆಯ ಒಂದು ಸಾಲುಮನೆಯಲ್ಲಿ. ದಸರೆ ಮುಗಿದು ಕಾಳೀನದಿಯ ಮಂಜು ಊರ ಮೇಲೆ ಕೂರತೊಡಗಿತೆಂದರೆ ಆ ಮನೆಯ ಸಿಮೆಂಟು ನೆಲ ಬೆಳಗಿನ ಹೊತ್ತು ಕಾಲನ್ನು ಕಚ್ಚುತ್ತಿತ್ತು. ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕುಳಿತು ರೊಟ್ಟಿ ಬಡಿದರೂ ಏಳುವಾಗ ಸೊಂಟ ಬೇರೆ, ಕಾಲು ಬೇರೆ. ಹೊಸ ಮನೆಯ ಮಾತು ಬಂದಾಗ ಅವಳು ಕೇಳಿದ್ದು ಒಂದೇ: "ಷೋಕೇಸ್ ಬ್ಯಾಡ, ಮೊಜಾಯಿಕ್ ಬ್ಯಾಡ. ಮುಂಜಾನೆ ಎದ್ದು ಕಾಲಿಟ್ಟರ ಜೀವ ಝಮ್ ಅನಬಾರದು, ಅಂಥಾ ನೆಲಾ ಬೇಕು ನನಗ."

ಮೊಜಾಯಿಕ್ ಬೇಡ ಎಂದದ್ದು ಪೂರ್ತಿ ನಿಜವಲ್ಲ. ಹುಬ್ಬಳ್ಳಿಯಲ್ಲಿದ್ದ ವಾರಗಿತ್ತಿ, ಅಂದರೆ ನಾಗಲಿಂಗಪ್ಪನ ಅಣ್ಣನ ಹೆಂಡತಿ ಗುರುಸಿದ್ದವ್ವನ ಮನೆಯಲ್ಲಿ ಮೊಜಾಯಿಕ್ ಇತ್ತು. ಹೋದವರೆಲ್ಲ ಅದರಲ್ಲಿ ತಮ್ಮ ಮುಖ ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳದಿದ್ದರೆ ಗುರುಸಿದ್ದವ್ವ ಚಹ ಕೊಡುತ್ತಿರಲಿಲ್ಲ. ಅದು ತಮ್ಮ ಕೈಗೆ ಎಟುಕದ್ದೆಂದು ಗೊತ್ತಿದ್ದರಿಂದ ಮಾಲವ್ವ ಬೇಡ ಎಂದಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಾಯ್ಲರಿಗೆ ಹೊಸ ಹೊದಿಕೆ ಹಾಕಲು ಪರ ಊರಿನ ಗುತ್ತಿಗೆದಾರನೊಬ್ಬ ಬಂದ. ಇಟ್ಟಿಗೆಗಳ ಹಿಂದೆ ಅವನು ತುಂಬಿಸುತ್ತಿದ್ದುದು ಒಂದು ಜಾತಿಯ ಕಲ್ಲು. ಅಭ್ರಕದಂತೆ ಪದರು ಪದರಾದದ್ದು; ಜೋರು ಬೆಂಕಿಗೆ ಹಿಡಿದರೆ ಉಬ್ಬಿ ಹತ್ತಿಯಂತೆ ಹಗುರಾಗುತ್ತದೆ, ಶಾಖವನ್ನು ಆಚೆಗೆ ಬಿಡುವುದಿಲ್ಲ. ವರ್ಮಿಕ್ಯುಲೈಟ್ ಎಂದು ಅದರ ಹೆಸರು. ಆ ಹೆಸರನ್ನು ನಾಗಲಿಂಗಪ್ಪ ಮೂರು ದಿನ ಬಾಯಿಪಾಠ ಮಾಡಿದ. ಕೆಲಸ ಮುಗಿದಾಗ ಇನ್ನೂ ಉಬ್ಬಿಸದ ಕಲ್ಲು ನಾಲ್ಕು ಚೀಲ ಉಳಿಯಿತು. ಅಷ್ಟಕ್ಕಾಗಿ ಲಾರಿ ಯಾಕೆಂದು ಗುತ್ತಿಗೆದಾರ ಅದನ್ನು ನಾಗಲಿಂಗಪ್ಪನಿಗೇ ಬಿಟ್ಟು ಹೋದ.

"ಬಾಯ್ಲರಿನ ಶಾಖಾ ಹೊರಗ ಬಿಡದ ಕಲ್ಲು, ನಿನ್ನ ಕಾಲಿನ ಶಾಖಾ ಬಿಡತೈತೇನು? ನೆಲಕ್ಕ ಹಾಸೂ ಪರ್ಸಿಕಲ್ಲಿನ ಕೆಳಗ ನಾಕ ಬೆರಳ ದಪ್ಪ ಇದನ್ನ ಹಾಸಿದ್ರ ಮುಗೀತು!" ಎಂದು ಅವನು ಮನೆಗೆ ಓಡಿ ಬಂದು ಹೇಳಿದ.

"ಅಲ್ರಿ, ನಾ ಏನ ಬಾಯ್ಲರ ಅದೇನೇನು?"

"ಇನ್ನ ಮ್ಯಾಲ ಆಗತಿ."

ಕಲ್ಲನ್ನು ಉಬ್ಬಿಸುವುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಮನೆಯ ಒಲೆಗೆ ಆ ತಾಕತ್ತಿಲ್ಲ. ಕಾರ್ಖಾನೆಯ ಬೆಂಕಿಗೆ ಸ್ವಂತದ್ದು ಹಾಕುವ ಹಾಗಿಲ್ಲ. ನಾಗಲಿಂಗಪ್ಪ ಎರಡು ದಿನ ಯೋಚಿಸಿ, ಮೂರನೆಯ ದಿನ ಹೆಂಡತಿಯನ್ನೂ ನಾಲ್ಕು ಚೀಲಗಳನ್ನೂ ಕರೆದುಕೊಂಡು ಹಳಿಯಾಳಕ್ಕೆ ಹೊರಟ. ಅಲ್ಲಿ ಅಬ್ದುಲನ ಚುರುಮುರಿ ಭಟ್ಟಿ ಇತ್ತು. ಅಬ್ದುಲ್ ಭಟ್ಟಿಯ ಬೆಂಕಿ ನೋಡಿಕೊಳ್ಳುವವನು. ಅವನ ಹೆಂಡತಿ ಜುಬೇದಾ ಭಟ್ಟಿಯನ್ನೂ ಅಬ್ದುಲನನ್ನೂ ನೋಡಿಕೊಳ್ಳುವವಳು.

ಜುಬೇದಾ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದಳು. "ಏನಿದು ಭಾಯಿ? ಅಕ್ಕಿ ಇಷ್ಟ ಕರ್ರಗ ಅದಾವು?"

"ಅಕ್ಕಿ ಅಲ್ಲ ತಂಗಿ, ಕಲ್ಲು. ಇದನ್ನ ಹುರದು ಉಬ್ಬಿಸಿ ಕೊಡಬೇಕು."

ಜುಬೇದಾ ಅವನನ್ನು ಬಿಟ್ಟು ಮಾಲವ್ವನ ಕಡೆ ತಿರುಗಿದಳು. "ಯಾವಾಗಿಂದ ಹಿಂಗದಾರ, ಅಕ್ಕಾ?"

"ಮದಿವಿ ಆದಾಗಿಂದ," ಎಂದಳು ಮಾಲವ್ವ.

ಅಬ್ದುಲ್ ಮಾತ್ರ ಸವಾಲು ಸ್ವೀಕರಿಸಿದ. ಹುಲ್ಲು ಹೊಟ್ಟು ಎಲ್ಲ ಬದಿಗಿಟ್ಟು ಒಣ ಕಟ್ಟಿಗೆ ಒಡ್ಡಿ, ಕಬ್ಬಿಣದ ಬಾಣಲೆ ಕೆಂಪಗೆ ಆಗುವವರೆಗೆ ಕಾಯಿಸಿ ಒಂದು ಹಿಡಿ ಕಲ್ಲು ಎಸೆದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಲ್ಲುಗಳು ಚಟಚಟ ಎಂದವು, ಮೈಮುರಿದವು, ಹುಳದಂತೆ ನೀಳವಾಗಿ ಎದ್ದು ನಿಂತು ಒಂದರ ಮೇಲೊಂದು ಹೊರಳಾಡತೊಡಗಿದವು.

"ಯಾ ಅಲ್ಲಾ! ಜೀವ ಐತಿ ಇದಕ!" ಎಂದು ಅಬ್ದುಲ್ ಎರಡು ಮಾರು ಹಿಂದೆ ಸರಿದ.

ಜುಬೇದಾ ಸರಿಯಲಿಲ್ಲ. ಉದ್ದ ಸೌಟಿನಿಂದ ಕೆದರಿ, ಜರಡಿಗೆ ಹಾಕಿ, ಬೆರಳಿನಲ್ಲಿ ಒತ್ತಿ ನೋಡಿ ತೀರ್ಪು ಕೊಟ್ಟಳು: "ಕಲ್ಲಿನ ಚುರುಮುರಿ. ಛಲೋ ಅರಳೈತಿ. ಹಾಕ್ರಿ ಎಲ್ಲಾ."

ಎಲ್ಲಾ ಹಾಕಿದ ಮೇಲೆ ನಾಗಲಿಂಗಪ್ಪನ ಲೆಕ್ಕದಲ್ಲಿ ಒಂದು ಸಣ್ಣ ತಪ್ಪು ಇದ್ದದ್ದು ಗೊತ್ತಾಯಿತು. ಉಬ್ಬುತ್ತದೆ ಎಂದು ಅವನಿಗೆ ಗೊತ್ತಿತ್ತು; ಎಷ್ಟು ಎಂದು ಕೇಳಿರಲಿಲ್ಲ. ಮೊದಲನೆಯ ಚೀಲವೇ ಎಂಟು ಚೀಲವಾಯಿತು. ಪೇಟೆಯಲ್ಲಿ ಉಳ್ಳಾಗಡ್ಡಿಯ ಚೀಲ, ಬೆಲ್ಲದ ಚೀಲ, ದನದ ಹಿಂಡಿಯ ಚೀಲ ಎಲ್ಲ ಬೇಡಿ ತಂದರು. ಸಂಜೆಯ ಹೊತ್ತಿಗೆ ಭಟ್ಟಿಯ ಮುಂದೆ ಮೂವತ್ತೆರಡು ಚೀಲ ಹೊಟ್ಟೆ ಉಬ್ಬಿಸಿ ಕುಳಿತಿದ್ದವು. ದಾರಿಯಲ್ಲಿ ಹೋಗುವವನೊಬ್ಬ ನಿಂತು, ಹೊಸ ನಮೂನೆ ಚುರುಮುರಿ ಅರ್ಧ ಸೇರು ಕಟ್ಟು ಎಂದು ಕೇಳಿದ. "ಹಲ್ಲ ಮನ್ಯಾಗ ಇಟ್ಟ ಬಾ," ಎಂದಳು ಜುಬೇದಾ.

ಹುಲ್ಲಿನ ಲಾರಿಯೊಂದರಲ್ಲಿ ಅಷ್ಟನ್ನೂ ತಂದು ಅಂಬೇವಾಡಿಯಲ್ಲಿ ಇಳಿಸುವಾಗ ನಾಗಲಿಂಗಪ್ಪ ಒಂದು ಹೊಸ ಸುಖ ಕಂಡುಕೊಂಡ. ಎದೆಯ ಎಲುಬು ಎಣಿಸಬಹುದಾದ ಮನುಷ್ಯ ತಲೆಯ ಮೇಲೆ ಎರಡು ಚೀಲ, ಕಂಕುಳಲ್ಲಿ ಒಂದೊಂದು ಹೊತ್ತು ಓಣಿಯಲ್ಲಿ ಶಿಳ್ಳೆ ಹಾಕುತ್ತ ನಡೆದ. ಪಕ್ಕದ ಮನೆಯ ಗೋದುಬಾಯಿ ಹಪ್ಪಳ ಒಣಗಿಸುವುದನ್ನು ಬಿಟ್ಟು ನಿಂತಳು.

"ಅಗಬಾಯಿ! ಮಾಲಾಬಾಯಿ, ನಿಮ್ಮ ಮಾಲಕರಿಗೆ ಏನ ತಿನಸತೀರಿ? ಏನ ಐತಿ ಅದರಾಗ?"

ಮಾಲವ್ವ ಬಾಯಿ ತೆರೆದಳು. ಕಲ್ಲಿನ ಚುರುಮುರಿ ಎಂಬ ಎರಡು ಶಬ್ದ ನಾಲಿಗೆಯವರೆಗೆ ಬಂದು ಅಲ್ಲಿಯೇ ಕುಳಿತವು. ಅದನ್ನು ಹೇಳಿದರೆ ಓಣಿ ಒಂದು ವರ್ಷ ನಗುತ್ತದೆ. "ಮನೀ ಸಾಮಾನು," ಎಂದಳು. ಒಳಗೆ ಹೋಗಿ ಗಂಡನಿಗೂ ತಾಕೀತು ಮಾಡಿದಳು: "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ." ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನಾಗಲಿಂಗಪ್ಪ ಹೆಂಡತಿಯ ಮಾತು ಕೇಳಿದ. ಬಾಯಿ ಬಿಡಲಿಲ್ಲ. ಮುಂದಿನದಕ್ಕೆಲ್ಲ ಇದೇ ಕಾರಣವಾಯಿತು.

ನೆಲ ಹಾಸಿದವನು ಗವಂಡಿ ಲುಯಿಸ್. ಅವನ ತಂದೆ ಮಾನ್ವೆಲನೂ ಗವಂಡಿ. ಲುಯಿಸ್ ಒಂದು ಬೊಗಸೆ ತೆಗೆದು ಊದಿದ, ಅರ್ಧ ಹಾರಿಹೋಯಿತು.

"ಬಾಯಿ, ಇದರ ಮ್ಯಾಲ ಶಾಬಾದ ಪರ್ಸಿ ಇಡೂದಂದ್ರ ಮಜ್ಜಿಗಿ ಮ್ಯಾಲ ರೊಟ್ಟಿ ಇಟ್ಟಂಗ ಆಗತದ."

"ಸಾಹೇಬರು ಹೇಳ್ಯಾರಲ್ಲ."

"ಯಾವ ಸಾಹೇಬರು?"

ಮಾಲವ್ವ ಹಿಂದೆ ನೋಡಿದಳು. ಸಾಹೇಬರು ಚೀಲದೊಳಗೆ ತಲೆ ಹಾಕಿ ಬೆಚ್ಚಗಿದೆಯೇ ಎಂದು ಪರೀಕ್ಷಿಸುತ್ತಿದ್ದರು.

ಆದರೂ ಲುಯಿಸ್ ಕೈಗುಣ ಉಳ್ಳವನು. ಉಬ್ಬಿದ ಕಲ್ಲನ್ನು ಹರಡಿ, ತಟ್ಟಿ, ಮೇಲೆ ತೆಳ್ಳಗೆ ಗಚ್ಚು ಎಳೆದು, ಪರ್ಸಿಗಳನ್ನು ಕೂರಿಸುತ್ತ ಹೋದ. ಮಟ್ಟ ನೋಡಲು ಅವನ ಹತ್ತಿರ ಒಂದು ಮಟ್ಟಪಟ್ಟಿ ಇತ್ತು. ಎರಡು ಅಡಿ ಉದ್ದದ ಸಾಗವಾನಿ ಪಟ್ಟಿ. ಮಾನ್ವೆಲ್ ಸಾಯುವಾಗ ಮಗನಿಗೆ ಬಿಟ್ಟು ಹೋದದ್ದು. ಮೂರನೆಯ ದಿನ ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಪಟ್ಟಿ ಇಲ್ಲ. ಮನೆಯೆಲ್ಲ ಹುಡುಕಿದ, ಓಣಿಯೆಲ್ಲ ಹುಡುಕಿದ. ಕೊನೆಗೆ ಬಂದು ಹಿತ್ತಲಲ್ಲಿ ಮಾಲವ್ವ ಹೂಡಿದ್ದ ನೀರೊಲೆಯ ಮುಂದೆ ಕುಳಿತು ಬೂದಿ ಕೆದರಿದ.

"ನಿನ್ನ ಪಟ್ಟಿ ನಾ ಸುಟ್ಟೇನಿ ಅಂತೀಯೇನ ಲುಯಿಸಾ?"

"ನಾ ಏನೂ ಅಂದಿಲ್ಲ ಬಾಯಿ. ಬೂದಿ ಏನ ಅಂತದ ಕೇಳಾಕತ್ತೇನಿ."

ಅಂದಿನಿಂದ ಲುಯಿಸ್ ಮಾಲವ್ವನ ಮನೆಯ ಚಹ ಕುಡಿಯುವುದನ್ನು ಬಿಟ್ಟ. ಕೆಲಸ ಇಲ್ಲಿ, ಚಹ ಗೋದುಬಾಯಿಯ ಕಟ್ಟೆಯ ಮೇಲೆ. ಅಲ್ಲಿ ಮಾತೆಲ್ಲ ಕಳೆದ ಪಟ್ಟಿಯದೇ, ನೆಲದ ಸುದ್ದಿ ಬರಲಿಲ್ಲ. ಹೊಸ ಪಟ್ಟಿ ತಂದು ಮೌನವಾಗಿ ನೆಲ ಮುಗಿಸಿದ.

ಮುಗಿದ ನೆಲದ ಮೇಲೆ ಮಾಲವ್ವ ಒಂದು ಮುಂಜಾನೆ ಬರಿಗಾಲಿಟ್ಟಳು. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೋದುಬಾಯಿಯ ತುಳಸಿಕಟ್ಟೆ ಕಾಣುತ್ತಿರಲಿಲ್ಲ. ಜೀವ ಝಮ್ ಎನ್ನಲಿಲ್ಲ. ಇನ್ನೊಂದು ಕಾಲಿಟ್ಟಳು. ಅಡುಗೆಮನೆಗೆ ಹೋಗಿ ಗೋಣಿತಟ್ಟು ಇಲ್ಲದೆ ಬರಿ ನೆಲದ ಮೇಲೆ ಕುಳಿತಳು; ಕೆಲಸವೇನೂ ಇರಲಿಲ್ಲ, ಸುಮ್ಮನೆ ಕುಳಿತಳು. ಗಂಡನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಶಾಖದ ವಿಷಯವಾಗಿ ಇನ್ನೂ ಹದಿನೆಂಟು ವರ್ಷ ಕೇಳಬೇಕಾಗುತ್ತಿತ್ತು.

ಒಂದೇ ದೋಷ. ಕೆಳಗೆ ಹಗುರ, ಮೇಲೆ ಕಲ್ಲು. ಹೆಜ್ಜೆ ಇಟ್ಟಲ್ಲೆಲ್ಲ ನೆಲ ಡಬ್ ಎನ್ನುತ್ತಿತ್ತು.

ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ಗುರುಸಿದ್ದವ್ವ ಹುಬ್ಬಳ್ಳಿಯಿಂದ ಬಂದಿಳಿದಳು. ಅವಳದು ತುಂಬಿದ ಮೈ, ನಡಿಗೆಯಲ್ಲಿ ಅಧಿಕಾರ. ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಇಟ್ಟಳು. ಡಬ್ಬ್, ಡಬ್ಬ್, ಡಬ್ಬ್, ಡಬ್ಬ್. ನಿಂತು, ಹಿಮ್ಮಡಿಯಿಂದ ಇನ್ನೊಮ್ಮೆ ಕುಟ್ಟಿದಳು.

"ಇದೇನ ಮಾಲವ್ವಾ, ನಿಮ್ಮ ನೆಲಾ ಹಸದಂಗ ಒದರತೈತಲ್ಲ? ಗವಂಡಿ ಮಣ್ಣ ತುಂಬೂದು ಮರತಾನೇನು? ನಮ್ಮ ಮೊಜಾಯಿಕ್ ಮ್ಯಾಲ ಒನಕಿ ಬಿದ್ದರೂ ಒಂದ ಮಾತ ಆಡೂದಿಲ್ಲ."

ಮಾಲವ್ವನ ಕಣ್ಣ ಮುಂದೆ ಮುಂದಿನ ಮದುವೆ ಮುಂಜಿಗಳೆಲ್ಲ ಸಾಲಾಗಿ ಹಾದುಹೋದವು. ಪ್ರತಿಯೊಂದರಲ್ಲೂ ಗುರುಸಿದ್ದವ್ವ ನಡುವೆ ಕುಳಿತು, ನಮ್ಮ ಮೈದುನ ನೆಲದಾಗ ಚುರುಮುರಿ ತುಂಬ್ಯಾನ, ಇನ್ನ ಗ್ವಾಡಿಯೊಳಗ ಖಾರಾ ಶೇಂಗಾ ತುಂಬೂದಷ್ಟ ಉಳದೈತಿ ಎನ್ನುತ್ತಿದ್ದಳು. ಬಳಗವೆಲ್ಲ ಎಲೆಯ ಮುಂದೆ ಬಿದ್ದು ಬಿದ್ದು ನಗುತ್ತಿತ್ತು.

"ಮಣ್ಣ ಅಲ್ರಿ ಅಕ್ಕಾರ," ಎಂದಳು ಮಾಲವ್ವ. ಮುಂದಿನ ಮಾತು ಎಲ್ಲಿಂದ ಬಂತೋ ಅವಳಿಗೂ ಗೊತ್ತಿಲ್ಲ. "ಕೆಳಗ ಸಾಗವಾನಿ ಐತಿ."

"ಸಾಗವಾನಿ?"

"ಹಲಗೀರಿ. ಹಿಂದಕ ಇಂಗ್ರೇಜಿ ಸಾಹೇಬರ ಬಂಗಲೇದಾಗ ಹಾಕತಿದ್ರಂತಲ್ರಿ, ಹಂಗ. ಪೂರಾ ಹಾಸಿ ಮ್ಯಾಲ ಪರ್ಸಿ ಕುಂದ್ರಿಸೇವಿ. ಕಾಲಿಗೆ ತಂಪ ಹತ್ತೂದಿಲ್ಲ."

ಗುರುಸಿದ್ದವ್ವ ಬಾಗಿ ನೆಲ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ವಾರಗಿತ್ತಿಯ ಮುಖದಲ್ಲಿ ಮೊಜಾಯಿಕ್ ಬಿರುಕು ಬಿಟ್ಟದ್ದನ್ನು ಮಾಲವ್ವ ಕಂಡಳು. ಆ ಸುಖ ಸುಮಾರು ಅರ್ಧ ತಾಸು ಇತ್ತು.

ಏಕೆಂದರೆ ಸಾಗವಾನಿ ಎಂಬ ಶಬ್ದ ಹುಬ್ಬಳ್ಳಿಯಲ್ಲಿ ಒಂದು, ದಾಂಡೇಲಿಯಲ್ಲಿ ಇನ್ನೊಂದು. ಹುಬ್ಬಳ್ಳಿಯಲ್ಲಿ ಅದು ಶ್ರೀಮಂತಿಕೆ. ನಾಲ್ಕೂ ಕಡೆ ಕಾಡಿರುವ ದಾಂಡೇಲಿಯಲ್ಲಿ ಸಾಗವಾನಿ ಎಂದ ಕೂಡಲೆ ಜನ ಕೇಳುವುದು ಫಾರೆಸ್ಟಿನವರ ಪಾಸ್ ಐತೇನು ಎಂದು. ಪಾಸಿಲ್ಲದ ತುಂಡು ಮನೆಯಲ್ಲಿದ್ದರೆ ಅದು ಲಟ್ಟಣಿಗೆಯಾಗಿದ್ದರೂ ಜನ ಅದರಿಂದ ಚಪಾತಿ ಲಟ್ಟಿಸುವಾಗ ಕದ ಹಾಕಿಕೊಳ್ಳುತ್ತಾರೆ. ಮಾಲವ್ವ ಆ ಶಬ್ದವನ್ನು ಕದ ತೆರೆದಿಟ್ಟು ಆಡಿದ್ದಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಗೋದುಬಾಯಿ ಕಿಟಕಿಯ ಹತ್ತಿರ ಬಟ್ಟಲು ಹಿಡಿದು ನಿಂತಿದ್ದಳು. ಮಜ್ಜಿಗೆ ಮರೆತು ಬರಿ ಬಟ್ಟಲಿನೊಂದಿಗೆ ಹಿಂದಿರುಗಿದಳು.

ಮರುದಿನ ಹುಗ್ಗಿಯ ಗೋಧಿ ಹಿಡಿದು ಮಾಲವ್ವ ಗಿರಣಿಗೆ ಹೋದಳು. ಸಾಲಿನಲ್ಲಿದ್ದ ಹೆಂಗಸರು ಇಬ್ಭಾಗವಾಗಿ ದಾರಿ ಬಿಟ್ಟರು.

"ನೀವ ಮುಂದ ಬರ್ರಿ. ದೊಡ್ಡ ಮಂದಿ ನೀವು."

"ನಾನ್ಯಾತರ ದೊಡ್ಡಾಕಿ?"

"ಮೂವತ್ತೆರಡ ಚೀಲದ ಮರಿಯೊಳಗ ಒಂದ ಲಾರಿ ಹಲಗಿ ಇಳಿಸೀರಂತಲ್ಲ," ಎಂದು ಒಬ್ಬಳು ಕಿವಿಯಲ್ಲಿ ಉಸುರಿದಳು. "ಚೀಲಾ ಬರೇ ತೋರಿಕಿ ಅಂತ. ಇಲ್ಲಂದ್ರ ಆ ಮನಷ್ಯಾ ನಾಕ ಚೀಲಾ ಹೊತ್ತಾನೇನು?"

ಇನ್ನೊಬ್ಬಳು ಅದನ್ನು ತಿದ್ದಿದಳು. "ಒಂದ ಲಾರಿ ಅಲ್ಲ. ಕೆಳಗ ನೆಲಮಾಳಿಗಿನ ಐತಂತ. ಅಲ್ಲಿಂದ ಮಾಲು ಸುರಂಗದಾಗ ಸೀದಾ ಗಡಿಯ ರಾಮನಗರಕ್ಕ, ಗೋವಾಕ್ಕ."

ಮಾಲವ್ವ ಗೋಧಿಯನ್ನು ಒಡೆಸದೆಯೇ ಮನೆಗೆ ಓಡಿಬಂದಳು. ರಾಮನಗರದವರೆಗೆ ಸುರಂಗ ತೋಡಿದ ಆರೋಪ ಅವಳಿಗೆ ಅಷ್ಟು ಕಾಡಲಿಲ್ಲ. ಹಾರೆ ಗುದ್ದಲಿ ಹಿಡಿದು ಯಾರಾದರೂ ಬಂದು ಆ ಬೆಚ್ಚನೆಯ ನೆಲವನ್ನು ಅಗೆದು ಹಾಕಿದರೆ? ಇಪ್ಪತ್ತು ಚಳಿಗಾಲ ಕಾದ ನೆಲ. ಅದರ ಮೇಲೆ ಇನ್ನೂ ಒಂದು ರೊಟ್ಟಿ ಕೂಡ ಬಡಿದಿರಲಿಲ್ಲ.

ಗೃಹಪ್ರವೇಶದ ದಿನ ಪೂಜೆ ಸುಸೂತ್ರವಾಗಿ ಆಯಿತು, ಹಾಲು ಉಕ್ಕಿತು. ಪಡಸಾಲೆಯಲ್ಲಿ ಮೊದಲ ಪಂಕ್ತಿ ಕುಳಿತು, ಹುಗ್ಗಿಗೆ ತುಪ್ಪ ಬೀಳುತ್ತಿತ್ತು. ಆಗ ಬಾಗಿಲಲ್ಲಿ ಖಾಕಿ ಕಂಡಿತು. ಫಾರೆಸ್ಟ್ ಗಾರ್ಡ್ ಗೇಮಪ್ಪ. ಕೈಯಲ್ಲಿ ಮರಕ್ಕೆ ಸರಕಾರದ ಶಿಕ್ಕಾ ಒತ್ತುವ ಸುತ್ತಿಗೆ. ಬಿದ್ದ ಮರಕ್ಕೆ ಸುತ್ತಿಗೆಯಿಂದ ಒಂದು ಸಲ ಬಡಿದು, ಕಣ್ಣು ಮುಚ್ಚಿ ಕೇಳಿ, ಒಳಗೆ ಗಟ್ಟಿಯೋ ಪೊಳ್ಳೋ ಹೇಳುವುದರಲ್ಲಿ ಅವನನ್ನು ಮೀರಿಸಿದವರು ಜೋಯಿಡಾದಿಂದ ಮುಂಡಗೋಡದವರೆಗೆ ಇರಲಿಲ್ಲ.

"ಊಟಕ್ಕ ಬರ್ರಿ, ಗೇಮಪ್ಪಾರ," ಎಂದ ನಾಗಲಿಂಗಪ್ಪ. ಅವನಿಗೆ ಏನೂ ಗೊತ್ತಿರಲಿಲ್ಲ. ಅವನಿಗೆ ಹೇಳುವ ಧೈರ್ಯ ಮಾಲವ್ವನಿಗೆ ಆಗಿರಲಿಲ್ಲ.

"ಊಟಾ ಆಮ್ಯಾಲೆ. ನಿಮ್ಮ ನೆಲದ ಕೆಳಗ ಏನೈತಿ, ನಾಗಲಿಂಗಪ್ಪಾರ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾಗಲಿಂಗಪ್ಪ ಎರಡು ತಿಂಗಳಿಂದ ಕಾಯುತ್ತಿದ್ದ. ಹೆಂಡತಿಯ ತಾಕೀತು ಗಾಳಿಗೆ ಹೋಯಿತು. ಎದೆಯುಬ್ಬಿಸಿ ನಿಂತ. "ನೋಡ್ರಿ, ಶಾಖಾ ಅನ್ನೂದು ಕಳ್ಳ ಇದ್ದಂಗ..."

"ಕಳ್ಳನ ವಿಷಯಕ್ಕ ಬಂದೇನಿ ನಾನೂ."

ಮಾಲವ್ವ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು. ಪಂಕ್ತಿಯ ಮೊದಲ ಎಲೆಯ ಮುಂದೆ ಗುರುಸಿದ್ದವ್ವ ಕುಳಿತಿದ್ದಳು. ಅವಳ ಕಡೆ ನೋಡದೆ ಹೇಳಿದಳು: "ಸಾಗವಾನಿ ಇಲ್ರಿ ಯಣ್ಣಾ. ನಾನ ಸುಳ್ಳ ಹೇಳಿದೆ. ಕೆಳಗ ಇರೂದು ಕಲ್ಲಿನ ಚುರುಮುರಿ."

ಪಂಕ್ತಿಯಲ್ಲಿ ಕೈಗಳು ಬಾಯಿಯ ಹತ್ತಿರ ನಿಂತವು.

"ಕಲ್ಲಿನ ಏನು?" ಎಂದ ಗೇಮಪ್ಪ.

"ಚುರುಮುರಿರಿ. ಹಳ್ಯಾಳದಾಗ ಭಟ್ಟ್ಯಾಗ ಹುರಿಸಿ ತಂದೇವಿ."

ಮೂವತ್ತು ವರ್ಷದ ನೌಕರಿಯಲ್ಲಿ ಗೇಮಪ್ಪ ಅನೇಕ ಸುಳ್ಳು ಕೇಳಿದ್ದ. ಗಾಳಿಗೆ ಬಿತ್ತು, ಹೊಳೆಯಲ್ಲಿ ತೇಲಿ ಬಂತು, ಮಾವ ಕೊಟ್ಟ, ಎಲ್ಲ ಕೇಳಿದ್ದ. ಇದು ಹೊಸದು. ಅವನು ಮಾಲವ್ವನನ್ನು ಒಂದು ಬಗೆಯ ಗೌರವದಿಂದಲೇ ನೋಡಿದ.

ಗುರುಸಿದ್ದವ್ವ ಎಂಜಲುಗೈಯಲ್ಲೇ ಎದ್ದಳು. "ಯಾಕ ಅಂಜತಿ ಮಾಲವ್ವಾ? ಸಾಗವಾನಿ ಐತಿ ಅಂತ ಗಟ್ಟ್ಯಾಗಿ ಹೇಳು! ನಮ್ಮ ಮೈದುನ ಏನ ಭಿಕಾರಿ ಏನ್ರಿ, ನೆಲದಾಗ ಚುರುಮುರಿ ಹಾಸಾಕ? ಪೂರಾ ಹಲಗಿ ಐತ್ರಿ ಗಾರ್ಡಸಾಹೇಬರ, ಇಂಗ್ರೇಜಿ ಬಂಗಲೇದ್ಹಂಗ. ನಾ ಹುಬ್ಬಳ್ಳಿಯಾಕಿ, ನನಗ ಗೊತ್ತಾಗೂದಿಲ್ಲೇನು?"

"ಅಕ್ಕಾರ, ಸುಮ್ಮ ಕುಂದರ್ರಿ!"

"ಯಾಕ ಸುಮ್ಮ ಕುಂದರಲಿ? ಮನೆತನದ ಮರ್ಯಾದಿ ಪ್ರಶ್ನೆ ಐತಿ."

ನಾಗಲಿಂಗಪ್ಪ ಹೆಂಡತಿಯನ್ನೂ ಅತ್ತಿಗೆಯನ್ನೂ ಮಿಕಿಮಿಕಿ ನೋಡಿದ. ತನ್ನ ವರ್ಮಿಕ್ಯುಲೈಟಿಗೆ ಅವಮಾನವಾಗುತ್ತಿದೆ ಎಂಬುದಷ್ಟೇ ಅವನಿಗೆ ತಿಳಿಯಿತು. ಟ್ರಂಕಿನಲ್ಲಿ ನಮೂನೆಗೆಂದು ಎತ್ತಿಟ್ಟಿದ್ದ ಒಂದು ಹಿಡಿ ಹಸಿ ಕಲ್ಲು ತಂದ. ಹಿತ್ತಲಲ್ಲಿ ಹುಗ್ಗಿ ಕುದಿಸಿದ ದೊಡ್ಡ ಒಲೆ ಇನ್ನೂ ನಿಗಿನಿಗಿ ಉರಿಯುತ್ತಿತ್ತು. ರೊಟ್ಟಿಹಂಚು ಕಾಯಿಸಿ ಕಲ್ಲು ಸುರಿದ. ಪಂಕ್ತಿಯೆಲ್ಲ ಊಟ ಬಿಟ್ಟು ಒಲೆಯ ಸುತ್ತ ನೆರೆಯಿತು. ಕಲ್ಲುಗಳು ಚಟಗುಟ್ಟಿ ಮೈಮುರಿದು ಎದ್ದಾಗ ಗೋದುಬಾಯಿ "ಅರೇ ದೇವಾ!" ಎಂದು ಕೈ ಮುಗಿದಳು. ಒಬ್ಬ ಮುದುಕ ಅದಕ್ಕೆ ಅಕ್ಷತೆ ಹಾಕಿದ.

ಗೇಮಪ್ಪ ಒಂದು ಉಬ್ಬಿದ ಕಲ್ಲನ್ನು ಅಂಗೈಯಲ್ಲಿ ತೂಗಿ ನೋಡಿದ. ಅವನ ಮುಖ ಮೆತ್ತಗಾದಂತೆ ಕಂಡಿತು. ಆಮೇಲೆ ಹೇಳಿದ: "ಹಂಚಿನ ಮ್ಯಾಲ ಏನೈತಿ ಕಂಡೆ. ನೆಲದ ಕೆಳಗ ಏನೈತಿ ಅದನ್ನ ಹೆಂಗ ಕಾಣಲಿ?"

"ಅಗೀತೀರೇನ್ರಿ?" ಎಂದಳು ಮಾಲವ್ವ.

"ಮೊದಲ ಕೇಳತೇನಿ."

ಪಡಸಾಲೆಯ ಎಲೆಗಳನ್ನು ಸರಿಸಿದರು. ಗೇಮಪ್ಪ ಮೊಣಕಾಲೂರಿ, ಕಣ್ಣು ಮುಚ್ಚಿ, ಸುತ್ತಿಗೆಯ ಹಿಡಿಕೆಯಿಂದ ಒಂದೊಂದೇ ಪರ್ಸಿ ಬಡಿಯುತ್ತ ಬಂದ. ಡಬ್. ಡಬ್. ಡಬ್. ಒಂದೊಂದು ಸದ್ದಿಗೂ ಮಾಲವ್ವನ ಜೀವ ಒಂದೊಂದು ಪರ್ಸಿ ಮುಂದೆ ಹೋಗುತ್ತಿತ್ತು. ಮೂರು ಸಾಲು ಮುಗಿಯಿತು. "ಎಲ್ಲಾ ಪೊಳ್ಳ," ಎಂದು ಗೊಣಗಿದ. ಅವಳು ಉಸಿರು ಬಿಟ್ಟಳು. ನಾಲ್ಕನೆಯ ಸಾಲಿನ ನಡುವಿನ ಪರ್ಸಿಗೆ ಬಡಿದ.

ಟಕ್.

ಗೇಮಪ್ಪ ಕಣ್ಣು ತೆರೆದ. ಇನ್ನೊಮ್ಮೆ ಬಡಿದ. ಟಕ್.

"ಕಟಗಿ," ಎಂದ. "ಒಣಗಿದ್ದು. ಹಳೇದು. ಸಾಗವಾನಿ."

"ನಾ ಹೇಳಲಿಲ್ಲಾ?" ಎಂದಳು ಗುರುಸಿದ್ದವ್ವ.

"ಸಾಧ್ಯನ ಇಲ್ಲ," ಎಂದ ನಾಗಲಿಂಗಪ್ಪ. ತಾನು ಹೇಳಿದ ಸುಳ್ಳು ತನಗೆ ಗೊತ್ತಿಲ್ಲದೆ ನೆಲದೊಳಗೆ ಇಳಿದು ಕುಳಿತಿತೇ ಎಂದು ಮಾಲವ್ವನಿಗೇ ಭಯವಾಯಿತು.

ಹಿತ್ತಲಲ್ಲಿ ಊಟಕ್ಕೆ ಕಾಯುತ್ತಿದ್ದ ಲುಯಿಸನನ್ನು ಕರೆದರು. ಅವನು ಹಾರೆಯ ತುದಿಯಿಂದ ಸಂದು ಬಿಡಿಸಿ ಆ ಒಂದು ಪರ್ಸಿ ಎತ್ತಿದ, ತೆಳ್ಳನೆಯ ಗಚ್ಚು ಒಡೆದ. ಒಳಗೆ ಹೊನ್ನಿನ ಬಣ್ಣದ ಉಬ್ಬಿದ ಕಲ್ಲು. ಅದರ ನಡುವೆ ಅಡ್ಡಡ್ಡ ಮಲಗಿದ್ದ ಕಂದು ಬಣ್ಣದ, ನುಣುಪಾದ ಕಟ್ಟಿಗೆ.

"ವರ್ಮಿಕ್ಯುಲೈಟ್ ಸಾಗವಾನಿ ಆಗೂದಿಲ್ಲಲ್ಲ!" ಎಂದು ನಾಗಲಿಂಗಪ್ಪ ತನ್ನಷ್ಟಕ್ಕೇ ಹೇಳಿಕೊಂಡ.

ಅಷ್ಟರಲ್ಲಿ ಲುಯಿಸ್ ಹಾರೆ ಎಸೆದು ಎರಡೂ ಕೈ ಒಳಗೆ ಹಾಕಿದ. ಎರಡು ಅಡಿಯ ಪಟ್ಟಿಯನ್ನು ಎಳೆದೆತ್ತಿ ಎದೆಗವಚಿಕೊಂಡ, ಮುತ್ತಿಟ್ಟ. "ನನ್ನ ಪಟ್ಟಿ! ನಮ್ಮಪ್ಪ ಮಾನ್ವೆಲನ ಪಟ್ಟಿ! ನೋಡ್ರಿ, ಗೇಣಿಗೊಂದ ಗೆರಿ, ಇಲ್ಲಿ ಅವನ ಹಲ್ಲಿನ ಗುರ್ತು. ಸಿಟ್ಟ ಬಂದಾಗ ಕಡೀತಿದ್ದ!" ಹಗುರ ಕಲ್ಲಿನ ಮೇಲೆ ಇಟ್ಟು ಊಟಕ್ಕೆ ಹೋಗಿದ್ದ ಪಟ್ಟಿ ಅದರೊಳಗೆ ಮುಳುಗಿ, ಅದರ ಮೇಲೆ ಅವನೇ ಪರ್ಸಿ ಕೂರಿಸಿದ್ದ. ಅವನು ಮಾಲವ್ವನ ಕಡೆ ತಿರುಗಿ ತಲೆ ತಗ್ಗಿಸಿದ. "ಬಾಯಿ, ತಪ್ಪಾತು. ಒಂದ ಕಪ್ ಚಾ ಕೊಡ್ರಿ. ಇಲ್ಲೇ ಕುಡೀತೇನಿ."

ಗೇಮಪ್ಪ ತೋಳು ಮಡಚಿ ಹೊಂಡದೊಳಗೆ ಕೈ ಇಳಿಸಿ, ನಾಲ್ಕೂ ಕಡೆ ಮೊಣಕೈವರೆಗೆ ತಡಕಾಡಿದ. ಉಬ್ಬಿದ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಗವಂಡಿಯ ಹಳೆಯ ಪಟ್ಟಿ ಒಂದು ಎಂದು ಪುಸ್ತಕದಲ್ಲಿ ಬರೆದುಕೊಂಡು ಎದ್ದು ನಿಂತ.

"ಇದಕ ಪಾಸ್ ಯಾತರದು," ಎಂದ. "ಆದರ ಒಂದ ಮಾತ ಎಲ್ಲಾರೂ ನೆನಪ ಇಟಗೋರಿ. ಕಟಗಿ ಅಂದೆ. ಕಟಗಿ ಬಂತು." ಅವನ ಕಿವಿಯ ಮರ್ಯಾದೆ ಉಳಿದಿತ್ತು. ಹುಗ್ಗಿ ಎರಡು ಸಲ ಹಾಕಿಸಿಕೊಂಡ.

ಉಳಿದ ಜನ ಹೊಂಡದ ಸುತ್ತ ಕುಳಿತಿದ್ದರು. ಒಬ್ಬರು ಒಂದು ಹಿಡಿ ನಮೂನೆಗೆ ಎಂದರು, ಇನ್ನೊಬ್ಬರು ಮಕ್ಕಳಿಗೆ ತೋರಿಸಲು ಎಂದರು, ಗೋದುಬಾಯಿ ಬಟ್ಟಲು ತಂದಳು. ಸಂಜೆಗೆ ಆ ಪರ್ಸಿಯ ಕೆಳಗೆ ಒಂದು ಕಾಳೂ ಉಳಿಯಲಿಲ್ಲ. ಲುಯಿಸ್ ಹೊಳೆಯ ಉಸುಕು ತುಂಬಿ, ಗಟ್ಟಿಯಾಗಿ ತಟ್ಟಿ ಪರ್ಸಿ ಕೂರಿಸಿದ. ಚಹ ಮೂರು ಕಪ್ ಕುಡಿದ.

ಗುರುಸಿದ್ದವ್ವ ಬಸ್ಸು ಹತ್ತುವಾಗ ಮಾಲವ್ವನ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: "ಛಲೋ ಪಾರಾದ್ರಿ. ಒಂದ ಹಲಗಿ ತೋರಿಸಿ ಉಳದದ್ದ ಉಳಿಸಿಕೊಂಡ್ರಿ. ನಮ್ಮ ಮೈದುನ ಇಷ್ಟ ಶಾಣ್ಯಾ ಅಂತ ಗೊತ್ತ ಇರಲಿಲ್ಲ." ಮಾಲವ್ವ ಆಣೆ ಮಾಡಿ ಹೇಳಿದಳು. ಮನೆಗೆ ಬಂದು ಪತ್ರ ಬರೆದಳು, ನಾಗಲಿಂಗಪ್ಪನಿಂದ ಶಾಖದ ಚಿತ್ರವನ್ನೂ ಬರೆಸಿ ಹಾಕಿದಳು. ಹುಬ್ಬಳ್ಳಿಯಿಂದ ಉತ್ತರ ಬಂತು: ಹೇಳಲು ಮನಸ್ಸಿಲ್ಲದಿದ್ದರೆ ಬಿಡು, ಆದರೆ ಮನೆಯವರ ಮುಂದೆಯೂ ಚುರುಮುರಿಯ ಕತೆ ಕಟ್ಟಬೇಡ, ನಾನು ಕಣ್ಣಾರೆ ಕಂಡಿದ್ದೇನೆ, ಬಳಗಕ್ಕೆಲ್ಲ ಹೇಳಿದ್ದೇನೆ.

ಈಗ ಮಾಲವ್ವ ಬರಿ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುತ್ತಾಳೆ. ಪಡಸಾಲೆಯಲ್ಲಿ ಓಡಾಡುವಾಗ ನೆಲ ಡಬ್ ಡಬ್ ಎನ್ನುತ್ತ ಅವಳ ಹಿಂದೆಯೇ ಬರುತ್ತದೆ. ನಾಲ್ಕನೆಯ ಸಾಲಿನ ನಡುವಿನ ಪರ್ಸಿ ಮಾತ್ರ ಮಾತಾಡುವುದಿಲ್ಲ. ಉಸುಕಿನ ಮೇಲಿರುವ ಆ ಒಂದು ಪರ್ಸಿ ಚಳಿಗಾಲದಲ್ಲಿ ಹಳ್ಳದ ದಂಡೆಯ ಮನೆಯ ನೆಲದಂತೆಯೇ ಕಾಲು ಕಚ್ಚುತ್ತದೆ. ಮಾಲವ್ವನಿಗೆ ಕತ್ತಲಲ್ಲೂ ಅದರ ಜಾಗ ಗೊತ್ತು, ದಾಟಿ ನಡೆಯುತ್ತಾಳೆ.

ಮುಂದಿನ ಚಳಿಗಾಲ ಗುರುಸಿದ್ದವ್ವ ಬಂದಾಗ ಮಾಲವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಕೈ ಹಿಡಿದು ಕರೆತಂದು, ಸರಿಯಾಗಿ ಆ ಪರ್ಸಿಯ ಮೇಲೆ ಕೂರಿಸಿದಳು. ಚಾಪೆ ಹಾಸಲಿಲ್ಲ. ಚಹ ಕೊಟ್ಟು ಎದುರಿಗೆ, ಬೆಚ್ಚನೆಯ ಜಾಗದಲ್ಲಿ ಕುಳಿತಳು.

"ಹೆಂಗೈತ್ರಿ ಅಕ್ಕಾರ, ನೆಲಾ?"

ಗುರುಸಿದ್ದವ್ವನಿಗೆ ಕೆಳಗಿನಿಂದ ಮೈ ನಡುಗುತ್ತಿತ್ತು. ಸೆರಗು ಬಿಗಿದುಕೊಂಡಳು. ಆದರೂ ಬಳಗಕ್ಕೆಲ್ಲ ಹೇಳಿಯಾಗಿತ್ತಲ್ಲ; ಕಪ್ಪನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಹಲ್ಲು ಕಟಕಟ ಎನ್ನದಂತೆ ತಡೆದು ಹೇಳಿದಳು:

"ಏನೂ ಅನ್ನು ಮಾಲವ್ವಾ... ಸಾಗವಾನಿ ಸಾಗವಾನಿನ. ಏನ ಬೆಚ್ಚಗೈತಿ!"